ಅಳಿಸಿದ ಚೂರುಗಳು

ಅವಳು ಭವಿಷ್ಯ ಹೇಳುವವಳು. ಅವನು ಆ ಭವಿಷ್ಯಕ್ಕೆ ಗುಂಡಿಕ್ಕಿ ನೋಡುವವನು. ಇಬ್ಬರ ನಡುವೆ ಒಂದು ದಪ್ಪ ಗೋಡೆ, ಒಂದು ಕಬ್ಬಿಣದ ಬಾಗಿಲು, ಅದರ ಮೇಲೊಂದು ಕಟ್ಟುನಿಟ್ಟಿನ ಮೌನ.

ಮೌನ ಆ ಪ್ರಯೋಗಾಲಯದ ನಿಯಮ. ಆಕಾಶದಾಚೆ ಓಡಾಡುವ ನೌಕೆಗಳಿಗೆ ಹೊದಿಸುವ ಕವಚವನ್ನು ಅಲ್ಲಿ ಪರೀಕ್ಷಿಸುತ್ತಿದ್ದರು. ಕಾರ್ಬನ್ ನಾರನ್ನು ಪದರದ ಮೇಲೆ ಪದರ ಅಂಟಿಸಿ ಮಾಡಿದ ಕಪ್ಪು ಪ್ಯಾನೆಲ್. ಅದಕ್ಕೆ ಬಡಿಯುವುದು ಸಾಸಿವೆ ಕಾಳಿನಷ್ಟು ಲೋಹದ ಗುಂಡು. ಗಾತ್ರ ನೋಡಿ ನಗಬೇಡಿ. ನಾವು ರೆಪ್ಪೆ ಬಡಿಯುವಷ್ಟರಲ್ಲಿ ಅದು ಊರು ದಾಟಿರುತ್ತದೆ. ಆ ಏಟಿಗೆ ಪ್ಯಾನೆಲ್ಲಿನ ಒಳಗೆ ಏನೇನಾಗುತ್ತದೆ ಅಂತ ಅವಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮೊದಲೇ ಹೇಳಬೇಕು. ಆಮೇಲೆ ಅವನು ಗೋಡೆಯಾಚೆ ಗನ್ ಇಟ್ಟಿರುವ ದೊಡ್ಡ ಕೋಣೆಯಲ್ಲಿ, ಗನ್ ಹಾಲಿನಲ್ಲಿ, ನಿಜವಾಗಿ ಹೊಡೆದು ತೋರಿಸಬೇಕು. ಹೇಳಿದ್ದಕ್ಕೂ ಹೊಡೆಯುವುದಕ್ಕೂ ಮಧ್ಯೆ ಪ್ಯಾನೆಲ್ಲಿನ ವಿಷಯಕ್ಕೆ ಇಬ್ಬರೂ ತುಟಿ ಬಿಚ್ಚುವಂತಿಲ್ಲ. ಒಬ್ಬರ ಆಸೆ ಇನ್ನೊಬ್ಬರ ಕೈಗೆ ಅಂಟಬಾರದು ನೋಡಿ, ಅದಕ್ಕೆ.

ಪ್ಯಾನೆಲ್ ಒಂದನ್ನು ಬಿಟ್ಟು ಜಗತ್ತಿನ ಮಿಕ್ಕೆಲ್ಲ ವಿಷಯವನ್ನೂ ಮಾತಾಡಬಹುದು ಅಂತ ಅವನು ಆ ನಿಯಮಕ್ಕೆ ಅರ್ಥ ಮಾಡಿಕೊಂಡಿದ್ದ. ಎಲ್ಲರೂ ಅವನನ್ನು 'ಬಂದೂಕು' ಅಂತಲೇ ಕರೆಯುತ್ತಿದ್ದರು. ಕಣ್ಣಿನ ಸುತ್ತ ಸುರಕ್ಷೆಯ ಕನ್ನಡಕ ಒತ್ತಿದ ಕೆಂಪು ಗೆರೆ, ಅಂಗಿಯ ತೋಳಿಗೆ ಕಪ್ಪು ಪುಡಿ. ಬಟ್ಟೆ ಮುಚ್ಚಿದ ಪ್ಯಾನೆಲ್ಲನ್ನು ಎತ್ತಿಕೊಂಡು ಅವಳ ಮೇಜಿನ ಪಕ್ಕವೇ ಹೋಗುತ್ತಿದ್ದ. ಹತ್ತಿರದ ದಾರಿ ಬೇರೆ ಇತ್ತು.

"ಮೇಡಂ, ಇದರ ಬಗ್ಗೆ ನಾನು ಏನೂ ಹೇಳ್ತಿಲ್ಲ."

"ಸರಿ."

"ಇವತ್ತು ಮೋಡ ಆಗಿದೆ ಅಂತ ಮಾತ್ರ ಹೇಳ್ತಿದೀನಿ."

"ಸರಿ."

"ನೀವು ಹೊಸ ಓಲೆ ಹಾಕ್ಕೊಂಡಿದೀರ ಅಂತಾನೂ..."

ಅವಳು ಕಿವಿ ಮುಟ್ಟಿ ನೋಡಿಕೊಂಡಳು. ಒಂದು ಕಿವಿಯಲ್ಲಿ ಒಂದು ಓಲೆ, ಇನ್ನೊಂದರಲ್ಲಿ ಬೇರೆ. ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನು ಸಿಕ್ಕಿಸಿಕೊಂಡು ಬಂದಿದ್ದಳು. ಬೇರೆ ಯಾರಾದರೂ ಆಗಿದ್ದರೆ ಮುಖ ಕೆಂಪಾಗುತ್ತಿತ್ತು. ಅವಳಿಗೆ ಏನೂ ಆಗಲಿಲ್ಲ.

ಅಮ್ಮ ಹೋದ ಮೇಲೆ ಅವಳಿಗೆ ಏನೂ ಆಗುತ್ತಿರಲಿಲ್ಲ. ಯಾರೋ ಮನೆಯ ಮೇನ್ ಸ್ವಿಚ್ ಆರಿಸಿ ಹೋದಂತೆ, ಒಳಗೆ ಸಾಮಾನೆಲ್ಲ ಇದ್ದಲ್ಲೇ ಇದ್ದು, ಏನೂ ಉರಿಯುತ್ತಿರಲಿಲ್ಲ. ಕೆಲಸಕ್ಕೆ ಬರುತ್ತಿದ್ದಳು, ಲೆಕ್ಕ ಓಡಿಸುತ್ತಿದ್ದಳು, ಊಟ ಮಾಡುತ್ತಿದ್ದಳು. ಯಾರು ಏನು ಕೇಳಿದರೂ 'ಸರಿ' ಅನ್ನುತ್ತಿದ್ದಳು. ಬೇಡ ಅನ್ನುವುದಕ್ಕೆ ಬೇಕು-ಬೇಡದ ವ್ಯತ್ಯಾಸ ಗೊತ್ತಾಗಬೇಕಲ್ಲ, ಅದು ಗೊತ್ತಾಗುತ್ತಿರಲಿಲ್ಲ.

ಆ ಸಲ ಪ್ಯಾನೆಲ್ ಕೂರಿಸಿ ಗುಂಡು ಹಾರಿಸುವಾಗ ಅವಳೂ ಗನ್ ಹಾಲಿನ ಬಾಗಿಲವರೆಗೆ ಬಂದು ನಿಂತಿದ್ದಳು. ಎಷ್ಟೋ ದಿನದ ಮೇಲೆ ಬಂದದ್ದು. ಫಲಿತಾಂಶ ನೋಡಿ ಇಡೀ ಪ್ರಯೋಗಾಲಯವೇ ಕುಣಿಯಿತು. ಅವಳು ಹೇಳಿದ್ದಷ್ಟೇ ಅಗಲದ ತೂತು, ಹೇಳಿದ ಕಡೆಯೇ ಹಿಂದಿನ ಪದರ ಎದ್ದಿತ್ತು. ಪ್ರಯೋಗಾಲಯದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ 'ದೊಡ್ಡವರು', ಕೇಕ್ ತರಿಸಿದರು.

"ನಮ್ಮ ಮಗು ಗೆದ್ದುಬಿಡ್ತು!" ಅಂದರು. "ದೂರದ ಕೇಂದ್ರದವರು ಆಗಲೇ ಕೇಳಿದಾರೆ. ಈ ಮಾಡೆಲ್ ತಗೊಂಡು ನೀನು ಅಲ್ಲಿಗೇ ಬರಬೇಕಂತೆ. ಕವಚ ಕಟ್ಟೋದು ಅಲ್ಲೇ. ಹೋಗ್ತೀಯೇನಮ್ಮ?"

"ಸರಿ," ಅಂದಳು ಅವಳು.

ಕೇಕ್ ತಟ್ಟೆ ಹಿಡಿದು ನಿಂತಿದ್ದ ಬಂದೂಕಿನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಅವಳು ಅದನ್ನು ನೋಡಿದಳು. ನೋಡಿದಳು, ಅಷ್ಟೇ.

ಮಾರನೆಯ ಮಧ್ಯಾಹ್ನ ಅವನು ಅವಳ ಮೇಜಿನ ಮುಂದೆ ಬಂದು ನಿಂತ. ಕೈಯಲ್ಲಿ ಪ್ಯಾನೆಲ್ ಇರಲಿಲ್ಲ. ಮುಖ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು.

"ಮೇಡಂ, ಒಂದು ದೊಡ್ಡ ಎಡವಟ್ಟಾಗಿದೆ."

"ಏನು?"

"ಪ್ಯಾನೆಲ್ಲನ್ನ ನಾನು ಹಿಂದುಮುಂದಾಗಿ ಕೂರಿಸಿಬಿಟ್ಟಿದೀನಿ."

ಆ ಪ್ಯಾನೆಲ್ಲಿನ ಎರಡು ಮುಖವೂ ಹೊರಗೆ ಒಂದೇ ಥರ, ಕನ್ನಡಿಯಂತೆ ಕಪ್ಪು. ಒಳಗೆ ಮಾತ್ರ ಒಂದು ಕಡೆ ಹೆಣೆದ ನಾರಿನ ಪದರ ಜಾಸ್ತಿ, ಇನ್ನೊಂದು ಕಡೆ ನೇರ ನಾರಿನದು ಜಾಸ್ತಿ. ಮುಂಭಾಗ ಯಾವುದು ಅಂತ ತಿಳಿಯಲು ಮೂಲೆಯಲ್ಲಿ ಬಿಳಿ ಬಣ್ಣದ ಒಂದು ಚುಕ್ಕೆ. ಇಷ್ಟು ವರ್ಷ ಅವನು ಗುಂಡು ಬಡಿಯುವ ಛೇಂಬರಿಗೆ ಗನ್ನಿನ ಕಡೆಯ ಬಾಗಿಲಿಂದ ಕೈ ಹಾಕಿ, ಚುಕ್ಕೆಯನ್ನು ತನ್ನ ಕಡೆಗೆ ತಿರುಗಿಸಿ ಕೂರಿಸುತ್ತಿದ್ದ. ಈಚೆಗೆ ಛೇಂಬರ್ ರಿಪೇರಿಯಾದ ಮೇಲೆ ಆ ಬಾಗಿಲು ಆಚೆ ಬದಿಗೆ ಹೋಗಿತ್ತು. ಕೈಗೆ ಹಳೆಯ ಅಭ್ಯಾಸ. ಚುಕ್ಕೆ ಮತ್ತೆ ಅವನ ಕಡೆಗೇ ನೋಡಿತು, ಗನ್ನಿಗೆ ಬೆನ್ನು ಹಾಕಿ.

"ಹೈ ಸ್ಪೀಡ್ ಕ್ಯಾಮೆರಾದ ಚಿತ್ರ ಈಗ ನಿಧಾನವಾಗಿ ನೋಡ್ತಿದ್ದೆ. ಚುಕ್ಕೆ ಹಿಂದುಗಡೆ ಕಾಣ್ತು."

ಅಂದರೆ ಅವಳು ಹೇಳಿದ್ದು ಒಂದಕ್ಕೆ, ಹೊಡೆದದ್ದು ಇನ್ನೊಂದಕ್ಕೆ. ಎರಡೂ ಹೊಂದಿಕೊಂಡಿವೆ ಅಂದರೆ ಅವಳ ಮಾಡೆಲ್ಲಿನಲ್ಲೇ ಎಲ್ಲೋ ಐಬಿದೆ.

"ಸರಿ," ಅಂದಳು ಅವಳು.

"ಸರಿ ಅಂದ್ರೆ?"

"ಮತ್ತೆ ಹೊಡೀಬೇಕು. ಸರಿ."

ಅವನು ಕುರ್ಚಿ ಎಳೆದುಕೊಂಡು ಕೂತೇಬಿಟ್ಟ. "ಮೇಡಂ, ಬೈಯ್ರಿ ನನ್ನ. ಬಾಯಿಗೆ ಬಂದ ಹಾಗೆ ಬೈಯ್ರಿ. ನಿಮ್ಮ ಇಷ್ಟು ತಿಂಗಳ ಕೆಲಸಕ್ಕೆ ಮಣ್ಣು ಹಾಕಿದೀನಿ ನಾನು."

"ನೀವು ಯಾವತ್ತೂ ಹೀಗೆ ಮಾಡಿರಲಿಲ್ಲ ಅಲ್ವಾ?"

"ಇಲ್ಲ."

"ಮತ್ತೆ ನಿನ್ನೆ ಯಾಕಾಯ್ತು?"

ಮೇಜಿನ ಮೇಲಿದ್ದ ಪೆನ್ನನ್ನು ನೆಟ್ಟಗೆ ಮಾಡಿದ, ಮತ್ತೆ ಸೊಟ್ಟಗೆ ಮಾಡಿದ. "ನೀವು ಬಾಗಿಲಲ್ಲಿ ಬಂದು ನಿಂತಿದ್ರಿ."

"ಹಾಗಾದ್ರೆ ತಪ್ಪು ನನ್ನದಾ?"

"ಅರ್ಧ," ಅಂದ ಅವನು. ಹೇಳಿದ ಮೇಲೆ ಕಿವಿಯ ತುದಿಯವರೆಗೂ ಕೆಂಪಾದ.

ಅವಳು ಅವನ ಕಿವಿಯನ್ನೇ ನೋಡುತ್ತಿದ್ದಳು. ಇಷ್ಟು ಬೇಗ ಬಣ್ಣ ಬದಲಾಗುತ್ತದಲ್ಲ ಈ ಮನುಷ್ಯನದು ಅಂದುಕೊಂಡಳು, ದೂರದ ಕಿಟಕಿಯಲ್ಲಿ ದೀಪ ಹತ್ತಿದ್ದನ್ನು ನೋಡಿದ ಹಾಗೆ. ಅದು ಬೇರೆಯವರ ಮನೆ.

ದೊಡ್ಡವರು ಕೇಳಿ ಕೆಂಡವಾದರು. "ಕೇಕ್ ತಿಂದು ಕೈ ತೊಳೆದಿಲ್ಲ ಇನ್ನೂ! ಅಲ್ಲಿಯವರಿಗೆ ಏನಂತ ಮುಖ ತೋರಿಸಲಿ?"

"ತಪ್ಪು ಪೂರ್ತಿ ನಂದು ಸಾರ್," ಅಂದ ಬಂದೂಕು. 'ಪೂರ್ತಿ' ಅನ್ನುವಾಗ ಅವಳ ಕಡೆ ಕಳ್ಳನೋಟ ಹರಿಸಿದ.

"ಈ ಕವಚದ ಹಿಂದೆ ಮನುಷ್ಯರು ಕೂತಿರ್ತಾರೆ ಕಣಯ್ಯಾ. ಗೊತ್ತಾ?"

"ಗೊತ್ತು ಸಾರ್. ಅದಕ್ಕೇ ಬಂದು ಹೇಳಿದ್ದು."

ದೊಡ್ಡವರ ಕೋಪ ಅಲ್ಲಿಗೆ ಇಳಿಯಿತು. ಸರಿಯಾಗಿ ಕೂರಿಸಿ ಇನ್ನೊಮ್ಮೆ ಹೊಡೆಯುವುದು; ಅಷ್ಟರೊಳಗೆ ಅವಳು ಐಬು ಹುಡುಕಿ ಹೊಸದಾಗಿ ಭವಿಷ್ಯ ಹೇಳುವುದು ಅಂತಾಯಿತು. ಹೊಸದಾಗಿ ಹೇಳುವವರೆಗೆ ಮೌನದ ನಿಯಮ ಇಲ್ಲ. ಹಾಗಾಗಿ ಆ ಕೆಲವು ದಿನ ಇಬ್ಬರೂ ಪ್ಯಾನೆಲ್ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದಿತ್ತು.

ಅವನು ಒಂದು ಸಂಜೆ ಅಗಲದ ಟ್ರೇ ಹಿಡಿದು ಬಂದ. ಅದರ ತುಂಬ ಕಪ್ಪು ಪುಡಿ, ಕೂದಲಿನಂಥ ನಾರು, ಉಗುರಿನಷ್ಟು ಚೂರುಗಳು.

"ಇದೇನು?"

"ಹೊಡೆದಾದ ಮೇಲೆ ಛೇಂಬರ್ ಗುಡಿಸ್ತೀನಲ್ಲ, ಆ ಕಸ. ಪ್ರತಿ ಸಲ ತೂಕ ಹಾಕಿಡ್ತೀನಿ. ಎಲ್ಲರೂ ನಗ್ತಾರೆ, ಬಂದೂಕು ಕಸಕ್ಕೂ ತಕ್ಕಡಿ ಹಿಡೀತಾನೆ ಅಂತ." ಟ್ರೇಯನ್ನು ಮಗುವನ್ನು ಮಲಗಿಸುವಂತೆ ಮೇಜಿನ ಮೇಲಿಟ್ಟ. "ನಿಮ್ಮ ಕಂಪ್ಯೂಟರಿನಲ್ಲಿ ಈ ಕಸ ಎಲ್ಲಿ ಬೀಳುತ್ತೆ ಮೇಡಂ?"

ಅವಳು ಪರದೆಯ ಮೇಲೆ ಲೆಕ್ಕ ಓಡಿಸಿ ತೋರಿಸಿದಳು. ಪ್ಯಾನೆಲ್ಲನ್ನು ಸಾವಿರಾರು ಸಣ್ಣ ಚೌಕಗಳಾಗಿ ಕತ್ತರಿಸಿಟ್ಟಿದ್ದಳು. ಗುಂಡು ತಾಗಿದ ಕಡೆ ಚೌಕಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡವು. ತೀರಾ ತಿರುಚಿಕೊಂಡವು ಒಂದೊಂದಾಗಿ ಮಾಯವಾದವು.

"ಅರೆ, ಅವೆಲ್ಲಿ ಹೋದ್ವು?"

"ಅಳಿಸಿಬಿಡ್ತೀನಿ. ತುಂಬಾ ಸೊಟ್ಟಗಾದ ಚೌಕ ಒಂದು ಉಳಿದ್ರೂ ಲೆಕ್ಕ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ, ಮುಂದಕ್ಕೇ ಹೋಗಲ್ಲ. ಎಲ್ಲರೂ ಹೀಗೇ ಮಾಡೋದು."

"ಅಳಿಸಿದ್ರೆ ಅದರ ತೂಕ?"

"ಅದೂ ಹೋಗುತ್ತೆ."

ಅವನು ಗಲ್ಲ ಕೆರೆದುಕೊಂಡ. ಅವಳನ್ನು ಸೋಲಿಸುವ ಆಸೆ ಆ ಮುಖದಲ್ಲಿ ಹುಡುಕಿದರೂ ಇರಲಿಲ್ಲ. ಅರ್ಥವಾಗದ್ದನ್ನು ಅರ್ಥ ಮಾಡಿಕೊಳ್ಳುವ ಆಸೆ ಮಾತ್ರ ಇತ್ತು. "ಇಲ್ಲಿ ಹಾಗೆ ಹೋಗಲ್ಲ ಮೇಡಂ. ಇಲ್ಲಿ ಇಷ್ಟೂ ಹಿಂದಿನ ಗೋಡೆಗೆ, ನೌಕೆಯ ಮೈ ಅಂತ ನಿಲ್ಲಿಸಿರ್ತೀವಲ್ಲ ಆ ತಗಡಿಗೆ, ಹೋಗಿ ಬಡಿಯುತ್ತೆ. ಆಮೇಲೆ ನಾನು ಪೊರಕೆ ಹಿಡೀತೀನಿ."

ಅವಳು ಟ್ರೇಯೊಳಗೆ ಬೆರಳಿಟ್ಟಳು. ಪುಡಿ ನುಣ್ಣಗಿತ್ತು.

"ಗ್ಲೌಸ್ ಹಾಕ್ಕೊಳ್ಳಿ, ನಾರು ಚುಚ್ಚುತ್ತೆ!" ಅಂತ ಅವನು ಹಾರಿಬಿದ್ದ. ಅಷ್ಟರಲ್ಲಿ ಚುಚ್ಚಿತ್ತು. ಅವನು ಚಿಮಟ ತಂದು, ದೀಪ ಹತ್ತಿರಕ್ಕೆ ಎಳೆದು, ಉಸಿರು ಬಿಗಿಹಿಡಿದು ಅವಳ ಬೆರಳಿಂದ ಕಣ್ಣಿಗೆ ಕಾಣದಂಥ ನಾರೊಂದನ್ನು ತೆಗೆದ. ಅವನ ರೆಪ್ಪೆಗಳು ಉದ್ದವಿದ್ದವು. ಒಂದು ಹುಬ್ಬಿನ ತುದಿ ಎಂದೋ ಸುಟ್ಟು ಅರ್ಧವೇ ಉಳಿದಿತ್ತು.

"ನೋವಾಯ್ತಾ?"

"ಇಲ್ಲ."

"ಸ್ವಲ್ಪಾನೂ?"

"ಇಲ್ಲ," ಅಂದಳು. ನಿಜವೇ ಹೇಳಿದ್ದು.

ಮನೆಯಲ್ಲಿ ಇದ್ದದ್ದು ಅಜ್ಜಿ, ಅಮ್ಮನ ಅಮ್ಮ. ಅಜ್ಜಿ ಅಳುವುದರಲ್ಲಿ ಧಾರಾಳಿ. ಟಿವಿ ನೋಡುತ್ತಾ ಅಳುತ್ತಿದ್ದಳು, ಈರುಳ್ಳಿ ಹೆಚ್ಚುವ ಮೊದಲೇ ಅಳುತ್ತಿದ್ದಳು, ಮಗಳ ಹೆಸರು ಎತ್ತಿ ಅಳುತ್ತಿದ್ದಳು. ಹೆಸರು ಬಂದ ತಕ್ಷಣ ಮೊಮ್ಮಗಳು ತಟ್ಟೆ ಎತ್ತಿಕೊಂಡು ಎದ್ದುಹೋಗುತ್ತಿದ್ದಳು. ಅಮ್ಮನ ಕೋಣೆಯನ್ನು ಅವಳು ಅಮ್ಮ ಹೋದ ವಾರವೇ ಖಾಲಿ ಮಾಡಿದ್ದಳು. ಸೀರೆ, ಕನ್ನಡಕ, ಮಂಚ, ಎಲ್ಲ ಕೊಟ್ಟುಬಿಟ್ಟಳು. ಕಿಟಕಿ ಪರದೆಯ ಸರಳು ಮಾತ್ರ ಉಳಿದಿತ್ತು, ಸ್ಕ್ರೂ ಬಿಚ್ಚಲು ಬಂದಿರಲಿಲ್ಲ.

ಆ ದಿನ ಊಟದ ನಡುವೆ ಅವಳು ಕೇಳಿದಳು: "ಅಜ್ಜೀ, ಅಮ್ಮ ಚಿಕ್ಕವಳಿದ್ದಾಗ ಹೇಗಿದ್ಲು?"

ಅಜ್ಜಿಯ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೇ ನಿಂತಿತು. ಎಲ್ಲಿ ಜೋರಾಗಿ ಉಸಿರಾಡಿದರೆ ಪ್ರಶ್ನೆ ಹಾರಿಹೋಗುತ್ತದೋ ಅನ್ನುವಂತೆ ಮೆಲ್ಲಗೆ ಕೂತಳು.

"ಸುಳ್ಳಿ. ಮಹಾ ಸುಳ್ಳಿ ಕಣೇ ನಿಮ್ಮಮ್ಮ. ಸ್ಕೂಲಲ್ಲಿ ನಮ್ಮಪ್ಪ ಸಿಂಹ ಪಳಗಿಸ್ತಾರೆ ಅಂತ ಹೇಳಿಬಿಟ್ಟಿದ್ದಾಳೆ! ನಿಮ್ಮ ತಾತ ಬೆಕ್ಕು ಕಂಡ್ರೆ ಕಾಲು ಎತ್ತಿ ಕುರ್ಚಿ ಮೇಲೆ ಇಟ್ಕೊಳ್ಳೋರು. ಒಂದಿನ ಹೆಡ್‍ಮಾಸ್ಟರು ನನ್ನ ತಡೆದು ನಿಲ್ಲಿಸಿ, 'ಸಿಂಹ ಹೇಗಿದೆ ತಾಯಿ?' ಅಂದ್ರು."

"ನೀನೇನಂದೆ?"

"ಏನನ್ಲಿ? ಮಗಳ ಮಾನ ಕಳೆಯೋಕಾಗುತ್ತಾ? 'ಚೆನ್ನಾಗಿದೆ ಸಾರ್, ಈಗೆರಡು ದಿನದಿಂದ ಸ್ವಲ್ಪ ನೆಗಡಿ' ಅಂದೆ."

ಅಜ್ಜಿ ನಕ್ಕಳು, ನಗುತ್ತಲೇ ಅತ್ತಳು, ಸೆರಗಿನಲ್ಲಿ ಮೂಗು ಒರೆಸಿಕೊಂಡು ಇನ್ನೊಂದು ಸೌಟು ಬಡಿಸಿದಳು. ಮೊಮ್ಮಗಳು ನಗಲಿಲ್ಲ, ಅಳಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ.

"ದೂರದ ಕೇಂದ್ರಕ್ಕೆ ಕರೀತಿದಾರೆ ಅಜ್ಜಿ. ಸರಿ ಅಂದಿದೀನಿ."

"ನನಗೇನು, ನನ್ನ ದಿಂಬು ಒಂದಿದ್ರೆ ಎಲ್ಲಾದ್ರೂ ಬರ್ತೀನಿ. ನಿನಗೆ ಹೋಗಬೇಕು ಅಂತ ಇದೆಯಾ?"

"ಗೊತ್ತಿಲ್ಲ."

"ಬೇಡ ಅಂತ ಇದೆಯಾ?"

"ಅದೂ ಗೊತ್ತಿಲ್ಲ."

"ಅಯ್ಯೋ ನನ್ನ ಕಂದ," ಅಂದಳು ಅಜ್ಜಿ. ಆ ಒಂದು ಸಲ ಮಾತ್ರ ಅವಳು ಅಳಲಿಲ್ಲ.

ಲೆಕ್ಕವನ್ನು ಅವಳು ಬುಡದಿಂದ ಬದಲಾಯಿಸಿದಳು. ತಿರುಚಿಕೊಂಡ ಚೌಕವನ್ನು ಅಳಿಸುವ ಬದಲು ಅದೇ ತೂಕದ, ಅದೇ ವೇಗದ ಒಂದು ಬಿಡಿ ಕಣವಾಗಿಸಿ ಹಾರಲು ಬಿಟ್ಟಳು. ಲೆಕ್ಕ ಆಮೆಯಂತೆ ತೆವಳಿತು, ಎಷ್ಟೋ ಸಲ ಕುಸಿಯಿತು. ಕಡೆಗೊಮ್ಮೆ ಓಡಿತು. ಪರದೆಯ ಮೇಲೆ ಪ್ಯಾನೆಲ್ಲಿನ ಬೆನ್ನಿಂದ ಕಪ್ಪು ಮೋಡವೊಂದು ಚಿಮ್ಮಿ ಹಿಂದಿನ ಗೋಡೆಗೆ ಅಪ್ಪಳಿಸಿತು. ಹಿಂದುಮುಂದಾಗಿ ಇಟ್ಟರೆ ಏಟು ಸಣ್ಣದು, ಮೊನ್ನೆ ನಿಜವಾಗಿ ಆದದ್ದರ ಹತ್ತಿರವೇ ಇತ್ತು. ಸರಿಯಾಗಿ ಇಟ್ಟರೆ ಹಿಂದಿನ ಗೋಡೆಯೂ ತೂತು. ಕವಚ ಸಾಲದು.

ಹೇಳಬೇಕಾದದ್ದನ್ನು ದೊಡ್ಡವರಿಗೆ ಹೇಳಿ ಬಂದಳು. ಮೌನ ಮತ್ತೆ ಶುರುವಾಯಿತು. ಅವನು ಬಟ್ಟೆ ಮುಚ್ಚಿದ ಪ್ಯಾನೆಲ್ ಎತ್ತಿಕೊಂಡು ಉದ್ದದ ದಾರಿಯಲ್ಲಿ ಬಂದ. ಮೋಡದ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ ಅವಳೇ ಅಂದಳು:

"ನಮ್ಮ ತಾತ ಸಿಂಹ ಪಳಗಿಸ್ತಿದ್ರು."

ಅವನು ನಿಂತ. "ನಿಜವಾಗ್ಲೂ?"

"ಇಲ್ಲ. ನಮ್ಮಮ್ಮ ಹಾಗಂತ ಹೇಳ್ತಿದ್ಲಂತೆ."

ಅವನು ನಗಲಾ ಬೇಡವಾ ಅಂತ ಅವಳ ಮುಖ ಓದಿದ. "ಸಿಂಹದ ಹೆಸರೇನು?"

"ಕೇಳಲಿಲ್ಲ."

"ಕೇಳಬೇಕಿತ್ತು. ಮುಖ್ಯವಾದದ್ದನ್ನೇ ಬಿಡ್ತೀರ ನೀವು," ಅಂದು, ಪ್ಯಾನೆಲ್ಲನ್ನು ಎದೆಗವಚಿಕೊಂಡು ಹೋದ. ಅಮ್ಮನ ವಿಷಯ ಹೊರಗಿನವರ ಹತ್ತಿರ ಆಡಿದ್ದು ಇದೇ ಮೊದಲು ಅಂತ ಅವನು ಬಾಗಿಲು ದಾಟಿದ ಮೇಲೆ ಅವಳಿಗೆ ಹೊಳೆಯಿತು.

ಸೈರನ್ ಕೂಗಿತು. ಕಟ್ಟಡ ಒಮ್ಮೆ ಗುದ್ದಿಸಿಕೊಂಡಂತೆ ಅದುರಿತು. ಒಳಗೆ ಹೋಗಿ ನೋಡಿದರೆ ಪ್ಯಾನೆಲ್ಲಿನ ಮುಂದೆ ಪುಟ್ಟ ತೂತು, ಬೆನ್ನಿನ ಪದರಗಳೆಲ್ಲ ಬಾಳೆಯ ಸಿಪ್ಪೆಯಂತೆ ಸುಲಿದಿದ್ದವು. ಹಿಂದಿನ ಗೋಡೆಯ ತೂತಿನಿಂದ ಆಚೆಯ ದೀಪ ಕಾಣುತ್ತಿತ್ತು. ಅವಳು ಹೇಳಿದ್ದಕ್ಕಿಂತ ಸ್ವಲ್ಪ ಎಡಕ್ಕೆ, ಸ್ವಲ್ಪ ದೊಡ್ಡದು. ಆದರೆ ಹೇಳಿದ್ದೇ.

ಕೇಕ್ ಬರಲಿಲ್ಲ. ಕೆಟ್ಟ ಸುದ್ದಿಯನ್ನು ಸರಿಯಾಗಿ ಹೇಳಿದ್ದಕ್ಕೆ ಯಾರು ಕೇಕ್ ತರುತ್ತಾರೆ? ದೊಡ್ಡವರು ಸುಮ್ಮನೆ ಅವಳ ತಲೆ ಮೇಲೆ ಕೈಯಿಟ್ಟು ತೆಗೆದರು. "ಕವಚ ಮತ್ತೆ ಯೋಚನೆ ಮಾಡಬೇಕು ಅಂತ ಬರೀತೀನಿ. ಅವರಿಗೆ ನೀನು ಈಗ ಇನ್ನೂ ಜಾಸ್ತಿ ಬೇಕಂತೆ. ನಾಳೆಯೊಳಗೆ ಹೇಳಿಬಿಡು, ಹೋಗ್ತೀಯ ತಾನೆ?"

ಅವಳ ಬಾಯಿ 'ಸರಿ' ಅನ್ನಲು ಆಗಲೇ ಅಣಿಯಾಗಿತ್ತು. ಅವಳು ತಡೆದಳು. "ಹೇಳ್ತೀನಿ ಸಾರ್," ಅಂದಳು.

ಎಲ್ಲರೂ ಹೋದ ಮೇಲೂ ಅವನು ಛೇಂಬರಿನೊಳಗೆ ಅರ್ಧ ಮೈ ತೂರಿಸಿ ಗುಡಿಸುತ್ತಿದ್ದ. ಅವಳು ಗ್ಲೌಸ್ ಹಾಕಿಕೊಂಡು ಟ್ರೇ ಹಿಡಿದು ನಿಂತಳು.

"ಒಂದು ಸ್ವಾರ್ಥದ ಮಾತಿದೆ," ಅಂದ ಅವನು. ತಲೆ ಇನ್ನೂ ಒಳಗೇ ಇತ್ತು. ಮಾತು ಬಾವಿಯೊಳಗಿಂದ ಬಂದ ಹಾಗೆ ಬಂತು. "ಚುಕ್ಕೆ ನೋಡಿದ ದಿನ ಮೊದಲು ಹೆದರಿಕೆ ಆಯ್ತು. ಆಮೇಲೆ ಸಂತೋಷ ಆಯ್ತು ಮೇಡಂ. ನೀವು ಹೋಗೋದು ತಪ್ಪುತ್ತಲ್ಲ ಅಂತ. ಆ ಸಂತೋಷಕ್ಕೇ ನಾಚಿಕೆಯಾಗಿ, ಹೇಳೋದಾ ಬೇಡವಾ ಅಂತ ಒದ್ದಾಡಿದೆ."

"ಹೊರಗೆ ಬಂದು ಹೇಳಿ."

"ಹೊರಗೆ ಬಂದ್ರೆ ಹೇಳೋಕಾಗಲ್ಲ." ಪೊರಕೆಯ ಸದ್ದು ನಿಂತಿತು. "ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ಬಿಸಿಲು ಬಂತು, ಮೋಡ ಆಯ್ತು ಅಂತ ದಿನಾ ಹೇಳ್ತಿದ್ದದ್ದು ಇದನ್ನೇ."

ಅವಳು ಕಾದಳು, ತನ್ನೊಳಗೆ ಏನಾದರೂ ಉಕ್ಕುತ್ತದೋ ಅಂತ. ಅಜ್ಜಿಯ ಕಥೆಗಳಲ್ಲಿ ಇಂಥ ಮಾತು ಬಿದ್ದ ಕೂಡಲೇ ಕಲ್ಲಾದ ರಾಜಕುಮಾರಿಯ ಕಣ್ಣು ತೆರೆಯುತ್ತಿತ್ತು. ಅವಳ ಒಳಗೆ ಹಾಗೇನೂ ಆಗಲಿಲ್ಲ. ಟ್ರೇ ಭಾರವಾಗಿತ್ತು. ಟ್ಯೂಬ್‍ಲೈಟ್ ಗುಂಯ್ ಅನ್ನುತ್ತಿತ್ತು.

"ನಿಜ ಹೇಳ್ಲಾ?" ಅಂದಳು.

ಅವನು ಮೆಲ್ಲಗೆ ಹೊರಗೆ ಬಂದ. ಮೂಗಿನ ಮೇಲೆ ಕಪ್ಪು.

"ನನಗೆ ಈಗ ಏನೂ ಅನ್ನಿಸಲ್ಲ. ಅಮ್ಮ ಹೋದಾಗಿಂದ. ನೀವು ಇಷ್ಟು ದೊಡ್ಡ ಮಾತು ಹೇಳಿದ್ರಿ, ಅದಕ್ಕೆ ವಾಪಸ್ ಕೊಡೋಕೆ ಒಳಗೆಲ್ಲ ಹುಡುಕಿದೆ. ಏನೂ ಸಿಗಲಿಲ್ಲ. ಸುಳ್ಳು ಹೇಳಬಹುದು, ಆದ್ರೆ ನಿಮ್ಮ ಹತ್ರ ಬೇಡ."

ಅವನು ತಲೆ ಆಡಿಸಿದ. ಮುಖ ಸಣ್ಣದಾಯಿತು. ಆದರೂ ಅವಳ ಮೇಲಿಂದ ಕಣ್ಣು ಕೀಳಲಿಲ್ಲ.

"ಆದ್ರೆ ದೂರ ಹೋಗಿ, ಯಾರೂ ಗೊತ್ತಿಲ್ಲದ ಕಡೆ ಏನೂ ಅನ್ನಿಸದೆ ಇರೋದಕ್ಕಿಂತ, ಇಲ್ಲೇ ನಿಮ್ಮ ಪಕ್ಕ ಏನೂ ಅನ್ನಿಸದೆ ಇರೋದು ವಾಸಿ. ಅಷ್ಟು ಮಾತ್ರ ನನಗೆ ಗೊತ್ತು. ಅದನ್ನೇ ದೊಡ್ಡವರಿಗೂ ಹೇಳ್ತೀನಿ."

"ಅವರಿಗೆ ಇದೇ ಮಾತಲ್ಲಿ ಹೇಳ್ತೀರಾ?"

"ಹೋಗಲ್ಲ ಅಂತ ಹೇಳ್ತೀನಿ. ಕಾರಣ ಕೇಳಿದ್ರೆ ನೀವೇ ಹೇಳಿ."

"ನಾನಾ? ಅಯ್ಯಯ್ಯೋ!" ಅವನು ನಕ್ಕ, ಕೂಡಲೇ ನಗು ನುಂಗಿಕೊಂಡ. "ಮೇಡಂ, ನನ್ನ ಪಕ್ಕ ಎಷ್ಟು ದಿನ ಬೇಕಾದ್ರೂ ಏನೂ ಅನ್ನಿಸದೆ ಇರಿ. ನಾನೇನೂ ಅವಸರ ಮಾಡಲ್ಲ. ಸದ್ಯಕ್ಕೆ ಇಬ್ಬರಿಗೂ ಆಗೋವಷ್ಟು ನನ್ನ ಹತ್ರ ಇದೆ."

"ಅನ್ನಿಸದೇನೇ ಇದ್ದುಬಿಟ್ರೆ?"

ಅವನು ಬೇಗ ಉತ್ತರ ಕೊಡಲಿಲ್ಲ. ಅದು ಅವಳಿಗೆ ಹಿಡಿಸಿತು. ಹಿಡಿಸಿತೋ ಏನೋ, ಅವನು ಬೇಗ ಉತ್ತರ ಕೊಟ್ಟಿದ್ದರೆ ಅವಳು ಟ್ರೇ ಇಟ್ಟು ಹೋಗಿಬಿಡುತ್ತಿದ್ದಳು.

"ಗೊತ್ತಿಲ್ಲ," ಅಂದ ಕಡೆಗೆ. "ಆಗಲೂ ಬಸ್ ಸ್ಟಾಪಿನವರೆಗೆ ಜೊತೆಗೆ ನಡೀಬಹುದಲ್ಲ?"

ಚೂರುಗಳನ್ನು ತೂಕ ಹಾಕಿ, ದೀಪ ಆರಿಸಿ, ಇಬ್ಬರೂ ಹೊರಗೆ ಬಂದರು. ಸಂಜೆಯ ಬೆಳಕು ರಸ್ತೆಯ ಮೇಲೆ ಉದ್ದಕ್ಕೆ ಮಲಗಿತ್ತು. ಅಂಗಡಿಗಳ ಬಾಗಿಲು, ಸೈಕಲ್ಲಿನ ಗಂಟೆ, ಯಾರದೋ ಮನೆಯ ರೇಡಿಯೊ, ಎಲ್ಲವೂ ಗಾಜಿನ ಆಚೆ ಇದ್ದಂತೆ ಹಾದುಹೋದವು. ರಸ್ತೆ ದಾಟುವ ಕಡೆ ಅವನು ಕೈ ಚಾಚಿದ. ಚಾಚಿ, ತಪ್ಪಾಯಿತೇನೋ ಅಂತ ಅರ್ಧಕ್ಕೇ ನಿಲ್ಲಿಸಿದ.

ಅವಳು ಹಿಡಿದುಕೊಂಡಳು.

ಅವನ ಕೈ ಬೆಚ್ಚಗಿತ್ತು. ಅಷ್ಟು ಅವಳಿಗೆ ಗೊತ್ತಾಯಿತು.